ಪುಸ್ತಕದಲ್ಲಿ ಲಾಭ ಇದೆ, ಸಂಬಳದ ದಿನ ದುಡ್ಡಿಲ್ಲ: ಏನು ಮಾಡಲಿ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ, ಪ್ರೈವೇಟ್ ಲಿಮಿಟೆಡ್ ಕಂಪನಿ. ಫೌಂಡ್ರಿಯಿಂದ ಕಾಸ್ಟಿಂಗ್ (ಎರಕದ ಭಾಗ) ತಂದು, ಮಷಿನಿಂಗ್ ಮಾಡಿ, ಪಂಪು ಮತ್ತು ವಾಲ್ವ್ ಕಂಪನಿಗಳಿಗೆ ಕೊಡುತ್ತೇವೆ. ನಮ್ಮ ಮನೆಯವರು ಮತ್ತು ಮೈದುನ ಶಾಪ್ ನೋಡಿಕೊಳ್ಳುತ್ತಾರೆ, ಲೆಕ್ಕಪತ್ರ ನನ್ನದು. ಹೋದ ವರ್ಷ 3 ಕೋಟಿ ಇದ್ದ ವ್ಯಾಪಾರ ಈ ವರ್ಷ 3.60 ಕೋಟಿ ಆಗಿದೆ. ತೆರಿಗೆಗೆ ಮುಂಚೆ 28 ಲಕ್ಷ ಲಾಭ ಅಂತ ಆಡಿಟರ್ ಹೇಳಿದರು. ಆದರೆ ಬ್ಯಾಂಕಿನ 50 ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಪೂರ್ತಿ ತುಂಬಿದೆ. ಪ್ರತಿ ತಿಂಗಳು 7ರಂದು ಸಂಬಳಕ್ಕೆ ಕೈಸಾಲ ಮಾಡುತ್ತಿದ್ದೇವೆ. ಲಾಭ ಎಲ್ಲಿ ಹೋಯಿತು? ಬ್ಯಾಂಕಿಗೆ ಲಿಮಿಟ್ ಜಾಸ್ತಿ ಮಾಡಿ ಅಂತ ಕೇಳೋಣವೇ? ಕೊಲ್ಹಾಪುರದ ಒಂದು ಕಂಪನಿ ತಿಂಗಳಿಗೆ 10 ಲಕ್ಷದ ಆರ್ಡರ್ ಕೊಡುತ್ತೇನೆ ಅನ್ನುತ್ತಿದೆ, ಆದರೆ 90 ದಿನದ ಕ್ರೆಡಿಟ್, ರೇಟು 5 ಪರ್ಸೆಂಟ್ ಕಡಿಮೆ. ತೆಗೆದುಕೊಳ್ಳೋಣವೇ? ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಮತ್ತು ಬಾಕಿ ಪಟ್ಟಿ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ಕಾಗದಗಳನ್ನು ಪೂರ್ತಿ ನೋಡಿದೆ. ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಧಂದೆ ಕೆಟ್ಟಿಲ್ಲ. ಕೆಲಸ ಇದೆ, ಲಾಭವೂ ನಿಜವಾದದ್ದೇ. ಯಾರೂ ಕದ್ದಿಲ್ಲ, ಆಡಿಟರ್ ಲೆಕ್ಕವೂ ತಪ್ಪಿಲ್ಲ. ದುಡ್ಡು ನಿಮ್ಮದೇ ಕಂಪನಿಯಲ್ಲಿದೆ, ಆದರೆ ಸಂಬಳಕ್ಕೆ ಕೊಡಲು ಬರುವ ರೂಪದಲ್ಲಿಲ್ಲ.

ಲಾಭ ಅಂದರೆ ಬಿಲ್ಲಿನ ಲೆಕ್ಕ. ನೀವು ಮಾರ್ಚ್ 28ರಂದು ಬಿಲ್ ಹಾಕಿದರೆ ಆ ಲಾಭ ಮಾರ್ಚ್‌ಗೇ ಸೇರುತ್ತದೆ. ದುಡ್ಡು ಜೂನ್‌ನಲ್ಲಿ ಬಂದರೂ ಅಷ್ಟೇ, ಬರದೇ ಹೋದರೂ ಅಷ್ಟೇ. ಹಾಗಾಗಿ ಲಾಭ ನಷ್ಟದ ಪಟ್ಟಿ ಎಷ್ಟು ಸಲ ನೋಡಿದರೂ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗುವುದು ಎರಡು ವರ್ಷದ ಬ್ಯಾಲೆನ್ಸ್ ಶೀಟನ್ನು ಪಕ್ಕಪಕ್ಕ ಇಟ್ಟಾಗ. ಹಾಗೆ ಇಟ್ಟು ನೋಡಿದ್ದೇನೆ.

28 ಲಕ್ಷ ಲಾಭದಲ್ಲಿ ತೆರಿಗೆ ಸುಮಾರು 7 ಲಕ್ಷ ಹೋಯಿತು, ಉಳಿದದ್ದು 21. ಖರ್ಚಿನಲ್ಲಿ ಸವಕಳಿ ಅಂತ 14 ಲಕ್ಷ ತೋರಿಸಿದ್ದಾರೆ. ಅದು ಯಾರಿಗೂ ಕೊಟ್ಟ ದುಡ್ಡಲ್ಲ, ಮಷಿನ್ ಹಳತಾದದ್ದಕ್ಕೆ ಬರೆದ ಲೆಕ್ಕ. ಅದನ್ನು ವಾಪಸ್ ಕೂಡಿಸಿದರೆ 35 ಲಕ್ಷ. ಫೌಂಡ್ರಿಯವರಿಗೆ ಕೊಡಬೇಕಾದ ಬಾಕಿ 20ರಿಂದ 26 ಲಕ್ಷಕ್ಕೆ ಏರಿದೆ. ಅಂದರೆ ಅವರ 6 ಲಕ್ಷ ನಿಮ್ಮ ಕೈಯಲ್ಲಿದೆ. ಒಟ್ಟು 41 ಲಕ್ಷ ನಿಮ್ಮ ಕೈಗೆ ಬಂದ ಹಾಗೆ.

ಈಗ ಹೋದದ್ದು ನೋಡಿ. ಗಿರಾಕಿಗಳಿಂದ ಬರಬೇಕಾದದ್ದು 62 ಲಕ್ಷ ಇತ್ತು, 88 ಆಗಿದೆ. ಅಲ್ಲಿ 26 ಲಕ್ಷ ನಿಂತಿತು. ಸ್ಟಾಕ್ 34 ಇದ್ದದ್ದು 45 ಆಯಿತು, ಅಲ್ಲಿ 11. ಹೊಸ ವಿಎಂಸಿ ಮಷಿನ್‌ಗೆ 32 ಲಕ್ಷದಲ್ಲಿ 24 ಬ್ಯಾಂಕ್ ಕೊಟ್ಟಿತು, 8 ನೀವು ಹಾಕಿದ್ದೀರಿ. ಸಾಲದ ಅಸಲಿಗೆ 11 ಕಟ್ಟಿದ್ದೀರಿ. ಡೈರೆಕ್ಟರ್ ಹೆಸರಿನಲ್ಲಿ 5 ಲಕ್ಷ ಹೊರಗೆ ಹೋಗಿದೆ, ಸೈಟಿಗೆ ಇರಬೇಕು ಅಂತ ಪತ್ರದಿಂದ ಅನ್ನಿಸಿತು. ಎಲ್ಲಾ ಸೇರಿ 61 ಲಕ್ಷ. ಬಂದದ್ದು 41, ಹೋದದ್ದು 61. ಮಧ್ಯದ 20 ಲಕ್ಷವನ್ನು ಸಿಸಿ ತುಂಬಿಕೊಟ್ಟಿತು. ಹೋದ ಮಾರ್ಚ್‌ನಲ್ಲಿ ಸಿಸಿ 30 ಲಕ್ಷದಲ್ಲಿತ್ತು, ಈಗ 50. ಲೆಕ್ಕ ರೂಪಾಯಿಗೆ ರೂಪಾಯಿ ಕೂಡುತ್ತದೆ. ಈ ಒಂದು ಪುಟದ ಲೆಕ್ಕವನ್ನು ನಿಮ್ಮ ಮನೆಯವರ ಜೊತೆ, ಮೈದುನನ ಜೊತೆ ಕೂತು ಒಂದು ಸಲ ಓದಿ. ಶಾಪ್ ನೋಡಿಕೊಳ್ಳುವವರಿಗೆ ಇದು ಗೊತ್ತಾಗದಿದ್ದರೆ ನೀವು ಒಬ್ಬರೇ ಏನೂ ಮಾಡಲಿಕ್ಕಾಗದು.

ಈ 61 ಲಕ್ಷದಲ್ಲಿ ದೊಡ್ಡ ಪಾಲು ಎಲ್ಲಿದೆ ನೋಡಿ: ಗಿರಾಕಿ ಬಾಕಿ ಮತ್ತು ಸ್ಟಾಕ್, 37 ಲಕ್ಷ. ವ್ಯಾಪಾರ ಬೆಳೆಯುವಾಗ ಇವೆರಡೂ ಬೆಳೆಯುವುದು ಸಹಜ. ಆದರೆ ನಿಮ್ಮ ವ್ಯಾಪಾರ ಬೆಳೆದದ್ದು 20 ಪರ್ಸೆಂಟ್, ಬಾಕಿ ಬೆಳೆದದ್ದು 42 ಪರ್ಸೆಂಟ್. ಇದನ್ನು ದಿನದ ಲೆಕ್ಕಕ್ಕೆ ತಂದರೆ ಚೆನ್ನಾಗಿ ಅರ್ಥವಾಗುತ್ತದೆ. ಜಿಎಸ್‌ಟಿ ಸೇರಿ ನೀವು ದಿನಕ್ಕೆ ಸುಮಾರು 1.16 ಲಕ್ಷದ ಬಿಲ್ ಹಾಕುತ್ತೀರಿ. 88 ಲಕ್ಷ ಬಾಕಿ ಅಂದರೆ 76 ದಿನದ ಬಿಲ್ಲುಗಳು. ಹೋದ ವರ್ಷ ಇದು 64 ದಿನ ಇತ್ತು. ತಿಂಗಳಿಗೆ 15 ಲಕ್ಷದ ಮಾಲು ಬಳಸುತ್ತೀರಿ, ಸ್ಟಾಕ್ 45 ಲಕ್ಷ ಇದೆ. ಅದು 90 ದಿನದ ಮಾಲು. ಫೌಂಡ್ರಿಯವರಿಗೆ ನೀವು ಸರಾಸರಿ 44 ದಿನಕ್ಕೆ ಕೊಡುತ್ತೀರಿ. 90 ಮತ್ತು 76 ಕೂಡಿಸಿ 44 ಕಳೆಯಿರಿ: 122. ಅಂದರೆ ಇವತ್ತು ಕಾಸ್ಟಿಂಗ್‌ಗೆ ಕೊಟ್ಟ ಒಂದು ರೂಪಾಯಿ ತಿರುಗಿ ನಿಮ್ಮ ಬ್ಯಾಂಕಿಗೆ ಬರಲು ನಾಲ್ಕು ತಿಂಗಳು. ಅಷ್ಟು ದಿನ ಆ ರೂಪಾಯಿಯನ್ನು ಯಾರೋ ಒಬ್ಬರು ಹೊತ್ತುಕೊಂಡಿರಬೇಕು. ಒಂದೋ ನೀವು, ಇಲ್ಲಾ ಬ್ಯಾಂಕು, ಇಲ್ಲಾ ಕೈಸಾಲ ಕೊಟ್ಟವರು.

ಕಂಪನಿಯ ಹಣಕಾಸು ನೋಡಿಕೊಳ್ಳುವವರು ದಿನಾ ಕಣ್ಣಿಡಬೇಕಾದದ್ದು ಈ 122ರ ಮೇಲೆ. ಬಾಕಿ 76ರಿಂದ 50 ದಿನಕ್ಕೆ ಇಳಿದರೆ 30 ಲಕ್ಷ ಕೈಗೆ ಬರುತ್ತದೆ. ಸ್ಟಾಕ್ 90ರಿಂದ 60 ದಿನಕ್ಕೆ ಇಳಿದರೆ 15 ಲಕ್ಷ. ಒಟ್ಟು 45 ಲಕ್ಷ! ನಿಮ್ಮ ಸಿಸಿ ಹೆಚ್ಚುಕಮ್ಮಿ ಖಾಲಿ ಆಗುತ್ತದೆ. 10 ಪರ್ಸೆಂಟ್ ಬಡ್ಡಿ ಅಂದರೂ ವರ್ಷಕ್ಕೆ ನಾಲ್ಕೂವರೆ ಲಕ್ಷ ಉಳಿತಾಯ. ಒಂದು ಪೀಸೂ ಜಾಸ್ತಿ ಮಾಡದೆ, ಒಂದು ಪೈಸೆಯೂ ರೇಟು ಏರಿಸದೆ.

ಬಾಕಿಯ ಪಟ್ಟಿಗೆ ಬರೋಣ, ಯಾಕೆಂದರೆ ಅದರಲ್ಲಿ ಕಲಿಯಲು ತುಂಬಾ ಇದೆ. ಟ್ಯಾಲಿಯಲ್ಲಿ ಬಾಕಿಯನ್ನು ವಯಸ್ಸಿನ ಪ್ರಕಾರ ತೆಗೆದು ನೋಡಿ, ಬರೀ ಒಟ್ಟು ಮೊತ್ತ ನೋಡಬೇಡಿ. ನೀವು ಕಳಿಸಿದ ಪಟ್ಟಿಯಲ್ಲಿ 88ರಲ್ಲಿ 22 ಲಕ್ಷ 90 ದಿನ ದಾಟಿದೆ. ಅದರಲ್ಲಿ 14 ಲಕ್ಷ ಒಬ್ಬರದೇ. ಅದರ ಪಕ್ಕದಲ್ಲಿ ನೀವೇ ಬರೆದ ಟಿಪ್ಪಣಿ ನನಗೆ ಮುಖ್ಯ ಅನ್ನಿಸಿತು: ‘ರಿಜೆಕ್ಷನ್ ಡೆಬಿಟ್ ನೋಟ್ ಸೆಟ್ಲ್ ಆಗಿಲ್ಲ’, ‘ಪಿಒ ತಿದ್ದುಪಡಿ ಬರಬೇಕು’. ಮೊದಲನೆಯದು ತಿರಸ್ಕರಿಸಿದ ಮಾಲಿಗೆ ಅವರು ಬಿಲ್ಲಿನಿಂದ ಕಳೆಯುವ ಮೊತ್ತದ ಚೀಟಿ, ಪಿಒ ಅಂದರೆ ಅವರ ಖರೀದಿ ಆದೇಶ. ಅಂದರೆ ಆ ಗಿರಾಕಿ ದುಡ್ಡಿಲ್ಲದೆ ನಿಲ್ಲಿಸಿಲ್ಲ. ಕಾಗದ ಮುಗಿದಿಲ್ಲ ಅಂತ ನಿಲ್ಲಿಸಿದ್ದಾರೆ. ನಲವತ್ತು ಸಾವಿರದ ರಿಜೆಕ್ಷನ್ ತಕರಾರಿಗೆ ನಾಲ್ಕು ಲಕ್ಷದ ಬಿಲ್ ಕೂತುಬಿಡುತ್ತದೆ. ಸಾಲ ಕೊಡುವ ಬ್ಯಾಂಕಿನಲ್ಲಿ ಕೂತು ಇಂಥ ಪಟ್ಟಿಗಳನ್ನು ವರ್ಷಗಟ್ಟಲೆ ಓದಿದವನು ನಾನು. ತಡವಾದ ಬಿಲ್ಲುಗಳಲ್ಲಿ ಬಹಳಷ್ಟಕ್ಕೆ ಕಾರಣ ಇಂಥ ಸಣ್ಣ ಕಾಗದವೇ. ಬಿಲ್ಲಿನಲ್ಲಿ ಪಿಒ ನಂಬರ್ ಇಲ್ಲ, ಟೆಸ್ಟ್ ಸರ್ಟಿಫಿಕೇಟ್ ಲಗತ್ತಿಸಿಲ್ಲ, ಪಿಒ ರೇಟಿಗೂ ಬಿಲ್ ರೇಟಿಗೂ ಎರಡು ರೂಪಾಯಿ ವ್ಯತ್ಯಾಸ, ಗೇಟಿನಲ್ಲಿ ಮಾಲು ಇಳಿದಿದೆ ಆದರೆ ಮಾಲು ಸ್ವೀಕರಿಸಿದ್ದಕ್ಕೆ ಅವರು ಬರೆಯುವ ರಸೀದಿ, ಅಂದರೆ ಜಿಆರ್‌ಎನ್ ಆಗಿಲ್ಲ.

ಅದಕ್ಕೇ ವಸೂಲಿ ಫೋನು ಗಡುವು ದಾಟಿದ ಮೇಲೆ ಮಾಡುವುದಲ್ಲ. ಮಾಲು ತಲುಪಿದ ಮೂರನೇ ದಿನವೇ ಫೋನ್ ಮಾಡಿ, ‘ಜಿಆರ್‌ಎನ್ ಆಯಿತಾ? ಬಿಲ್ ಬುಕ್ ಆಯಿತಾ?’ ಅಂತ ಕೇಳಿ. ದುಡ್ಡು ಕೇಳುವ ಫೋನ್ ಅಲ್ಲ ಇದು, ಯಾರಿಗೂ ಮುಜುಗರ ಇಲ್ಲ. ಇನ್ನೊಂದು ವಿಷಯ ಕೇಳಿಟ್ಟುಕೊಳ್ಳಿ: ಪ್ರತಿ ಗಿರಾಕಿ ಕಂಪನಿ ತಿಂಗಳಲ್ಲಿ ಯಾವ ತಾರೀಕು ಪೇಮೆಂಟ್ ಮಾಡುತ್ತದೆ? ತುಂಬಾ ಕಂಪನಿಗಳು ತಿಂಗಳಿಗೆ ಎರಡೇ ಸಲ ಪೇಮೆಂಟ್ ಬಿಡುತ್ತವೆ. ಒಂದು ದಿನ ತಡವಾಗಿ ಬುಕ್ ಆದ ಬಿಲ್ ಹದಿನೈದು ದಿನ ಹಿಂದೆ ಬೀಳುತ್ತದೆ. ರಿಜೆಕ್ಷನ್ ವಿಷಯವನ್ನು ಮೈದುನ ಖುದ್ದಾಗಿ ಹೋಗಿ ಅವರ ಕ್ವಾಲಿಟಿಯವರ ಜೊತೆ ಕೂತು ಮುಗಿಸಲಿ. ಸ್ವಲ್ಪ ಬಿಟ್ಟುಕೊಟ್ಟಾದರೂ ಸರಿ, 14 ಲಕ್ಷ ಬಿಡಿಸಿಕೊಳ್ಳಿ.

ಕಾನೂನೂ ನಿಮ್ಮ ಕಡೆ ಇದೆ, ಇದನ್ನು ತಿಳಿದಿರಲೇಬೇಕು. 2025ರ ಏಪ್ರಿಲ್ 1ರಿಂದ ಬಂದ ಹೊಸ ಮಿತಿಯ ಪ್ರಕಾರ ಯಂತ್ರೋಪಕರಣದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿಯೊಳಗೆ ಇದ್ದರೆ ಅದು ಅತಿ ಸಣ್ಣ ಉದ್ಯಮ. ನೀವು ಅದರೊಳಗೆ ಬರುತ್ತೀರಿ. ಉದ್ಯಮ್ ನೋಂದಣಿ ಆಗಿಲ್ಲದಿದ್ದರೆ ಇವತ್ತೇ ಮಾಡಿಸಿ, ಅದಕ್ಕೆ ಶುಲ್ಕ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನಿಮ್ಮಂಥವರಿಂದ ಮಾಲು ಕೊಂಡವರು ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳು ಕೂಡುತ್ತಾ ಹೋಗುತ್ತದೆ. ದೂರು ಕೊಡಲು 2017ರಿಂದ ಸಮಾಧಾನ್ ಅನ್ನುವ ಆನ್‌ಲೈನ್ ವ್ಯವಸ್ಥೆಯೂ ಇದೆ.

ಆದರೆ ಗಿರಾಕಿಯ ಮೇಲೆ ದೂರು ಕೊಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮರುದಿನ ಅವರಿಂದಲೇ ಆರ್ಡರ್ ಬರಬೇಕಲ್ಲ. ಹಾಗಾಗಿ ಹೆಚ್ಚು ಉಪಯೋಗಕ್ಕೆ ಬರುವುದು ತೆರಿಗೆಯ ನಿಯಮ. 2023ರ ಹಣಕಾಸು ಕಾಯ್ದೆ ತಂದ ನಿಯಮದ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ (ಎಚ್)) ಪ್ರಕಾರ, ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಆ ಗಡುವಿನೊಳಗೆ ದುಡ್ಡು ಕೊಡದಿದ್ದರೆ ಕೊಂಡವರಿಗೆ ಆ ಖರ್ಚು ಕೊಟ್ಟ ವರ್ಷದಲ್ಲೇ ಸಿಗುತ್ತದೆ, ಮುಂಚೆ ಸಿಗದು. ಅಂದರೆ ಅವರ ತೆರಿಗೆ ಜಾಸ್ತಿಯಾಗುತ್ತದೆ. ದೊಡ್ಡ ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಈ ಭಾಷೆ ತಟ್ಟುತ್ತದೆ. ಜಗಳ ಬೇಡ, ನೋಟಿಸ್ ಬೇಡ. ನಿಮ್ಮ ಉದ್ಯಮ್ ನಂಬರನ್ನು ಪ್ರತಿ ಬಿಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಫೆಬ್ರವರಿಯಲ್ಲಿ ಎಲ್ಲರಿಗೂ ಬಾಕಿ ಪಟ್ಟಿಯ ಜೊತೆ ಒಂದು ವಿನಯದ ಇಮೇಲ್ ಕಳಿಸಿ.

ಇದೇ ನಿಯಮ ನಿಮಗೂ ಅನ್ವಯಿಸುತ್ತದೆ, ಮರೆಯಬೇಡಿ. ನಿಮಗೆ ಕಾಸ್ಟಿಂಗ್ ಕೊಡುವ ಫೌಂಡ್ರಿ ಕೂಡ ಉದ್ಯಮ್ ನೋಂದಣಿ ಆಗಿರುವ ಸಣ್ಣ ಉದ್ಯಮವೇ ಇರಬಹುದು. 44 ದಿನ ಅಂದರೆ ನೀವು ಗಡಿಯಲ್ಲಿದ್ದೀರಿ. ಅವರ ದುಡ್ಡು ಎಳೆದು ನಿಮ್ಮ ಕಷ್ಟ ತೀರಿಸಿಕೊಳ್ಳುವ ದಾರಿ ಕಾನೂನಿನಲ್ಲೂ ಇಲ್ಲ, ನ್ಯಾಯವೂ ಅಲ್ಲ. ಅವರ ಮನೆಯಲ್ಲೂ 7ನೇ ತಾರೀಕು ಬರುತ್ತದೆ ಅಲ್ವಾ?

ಸ್ಟಾಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಂದು ಭಾನುವಾರ ಶಾಪ್ ನಿಲ್ಲಿಸಿ ಎಣಿಸಿ. ಕಾಸ್ಟಿಂಗ್ ಎಷ್ಟು, ಅರ್ಧ ಕೆಲಸ ಆದದ್ದು ಎಷ್ಟು, ತಯಾರಾಗಿ ಇನ್ಸ್‌ಪೆಕ್ಷನ್‌ಗೆ ಕಾದದ್ದು ಎಷ್ಟು, ಇನ್ಸರ್ಟು ಟೂಲುಗಳು ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ಆರು ತಿಂಗಳಿಂದ ಅಲುಗಾಡದ ಮಾಲಿನ ಮೇಲೆ ಕೆಂಪು ಚೀಟಿ ಅಂಟಿಸಿ. ಮೂರು ತಿಂಗಳ ಕಾಸ್ಟಿಂಗ್ ಒಟ್ಟಿಗೆ ಕೊಂಡರೆ ಫೌಂಡ್ರಿ 2 ಪರ್ಸೆಂಟ್ ಬಿಡುತ್ತದೆ ಅಂತ ಬರೆದಿದ್ದೀರಿ. ಸಿಸಿಯಲ್ಲಿ ಜಾಗ ಇದ್ದಾಗ ಇದು ತಪ್ಪಲ್ಲ. ತಿಂಗಳಿಗೊಮ್ಮೆ ಕೊಳ್ಳುವುದಕ್ಕೆ ಹೋಲಿಸಿದರೆ ಮಾಲು ಸರಾಸರಿ ಒಂದು ತಿಂಗಳು ಜಾಸ್ತಿ ಕೂರುತ್ತದೆ. 10 ಪರ್ಸೆಂಟ್ ಬಡ್ಡಿಯಲ್ಲಿ ಅದರ ಖರ್ಚು ಒಂದು ಪರ್ಸೆಂಟಿಗಿಂತ ಕಡಿಮೆ, ಲಾಭವೇ. ಆದರೆ ಸಿಸಿ ತುಂಬಿದ ಮೇಲೆ ನೀವು ತರುತ್ತಿರುವುದು ತಿಂಗಳಿಗೆ 2 ಪರ್ಸೆಂಟಿನ ಕೈಸಾಲ. ಆಗ ಆ ರಿಯಾಯಿತಿ ಪೂರ್ತಿ ಬಡ್ಡಿಗೇ ಹೋಯಿತು. ಗಿರಾಕಿ ಡ್ರಾಯಿಂಗ್ ಬದಲಿಸಿದರೆ ಮಾಲು ಸ್ಕ್ರ್ಯಾಪ್ ಆಗುವ ಅಪಾಯ ಬೇರೆ. ಸದ್ಯಕ್ಕೆ ತಿಂಗಳಿಗೊಮ್ಮೆ ಕೊಳ್ಳಿ.

ಇನ್ನು ಬ್ಯಾಂಕ್ ಲಿಮಿಟ್. ಕೇಳಬಹುದೇ ಅಂದರೆ, ಕೇಳಬಹುದು. 1990ರ ದಶಕದ ಆರಂಭದಲ್ಲಿ ನಾಯಕ್ ಸಮಿತಿ ಹಾಕಿಕೊಟ್ಟ ಲೆಕ್ಕವನ್ನು ಬ್ಯಾಂಕುಗಳು ಸಣ್ಣ ಉದ್ಯಮಗಳಿಗೆ ಈಗಲೂ ಹಿಡಿಯುತ್ತವೆ. ಅಂದಾಜು ವಹಿವಾಟಿನ 25 ಪರ್ಸೆಂಟ್ ದುಡಿಯುವ ಬಂಡವಾಳ ಬೇಕು, ಅದರಲ್ಲಿ 20 ಬ್ಯಾಂಕಿನದು, 5 ಮಾಲೀಕರದು. ನಿಮ್ಮ 3.60 ಕೋಟಿಗೆ 72 ಲಕ್ಷ ಸಿಗಬೇಕು. ಕೇಳಲು ಚೆಂದ. ಆದರೆ ಆ ಲೆಕ್ಕದ ಹಿಂದೆ ದುಡ್ಡು ಮೂರು ತಿಂಗಳಲ್ಲಿ ತಿರುಗುತ್ತದೆ ಅನ್ನುವ ಊಹೆ ಇದೆ. ನಿಮ್ಮದು ನಾಲ್ಕು ತಿಂಗಳು.

ಇನ್ನೊಂದು ತೊಡಕು ಡ್ರಾಯಿಂಗ್ ಪವರ್, ನಿಮ್ಮ ಮ್ಯಾನೇಜರ್ ಡಿಪಿ ಅನ್ನುತ್ತಾರಲ್ಲ ಅದು. ಲಿಮಿಟ್ ಎಷ್ಟೇ ಇರಲಿ, ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಪ್ರಕಾರ ಡಿಪಿ ಎಷ್ಟು ಬರುತ್ತದೋ ಅಷ್ಟೇ ತೆಗೆಯಲು ಬಿಡುತ್ತಾರೆ. ನಿಮ್ಮದು ಮಾಡಿ ನೋಡೋಣ. ಸ್ಟಾಕ್ 45ರಲ್ಲಿ ಫೌಂಡ್ರಿ ಬಾಕಿ 26 ಕಳೆದರೆ 19. ಅದಕ್ಕೆ 25 ಪರ್ಸೆಂಟ್ ಮಾರ್ಜಿನ್, ಅಂದರೆ ನೀವೇ ಹಾಕಬೇಕಾದ ಪಾಲು, ತೆಗೆದರೆ 14.25. ಗಿರಾಕಿ ಬಾಕಿಯಲ್ಲಿ 90 ದಿನ ದಾಟಿದ್ದನ್ನು ಬ್ಯಾಂಕ್ ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಾಗಾಗಿ 66. ಅದಕ್ಕೆ 40 ಪರ್ಸೆಂಟ್ ಮಾರ್ಜಿನ್ ಅಂದರೆ 39.6. ಒಟ್ಟು ಸುಮಾರು 54 ಲಕ್ಷ. ಮಾರ್ಜಿನ್ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ನಿಮ್ಮ ಮಂಜೂರಾತಿ ಪತ್ರದಲ್ಲಿ ಇರುತ್ತದೆ, ನೋಡಿಕೊಳ್ಳಿ. ಹೇಗಿದ್ದರೂ 72 ಮಂಜೂರಾದರೂ ಕೈಗೆ ಸಿಗುವುದು 54ರ ಆಸುಪಾಸು. ಓಡಾಟ, ಪ್ರೊಸೆಸಿಂಗ್ ಶುಲ್ಕ, ಹೆಚ್ಚಿನ ಅಡಮಾನ, ಇಷ್ಟೆಲ್ಲಾ ಆಗಿ 4 ಲಕ್ಷ. ಹಳೇ 22 ಲಕ್ಷ ವಸೂಲಿ ಮಾಡಿದರೆ ಅದು ನೇರವಾಗಿ ಸಿಸಿಗೆ ಬಂದು ಬೀಳುತ್ತದೆ. ಹಾಗಾಗಿ ಆರು ತಿಂಗಳು ಬಿಟ್ಟು, ಪಟ್ಟಿ ಚೊಕ್ಕ ಮಾಡಿಕೊಂಡು ಕೇಳಿ. ಆಗ ನಿಮ್ಮ ಮಾತಿಗೆ ಬೆಲೆ ಇರುತ್ತದೆ.

ಅಲ್ಲಿಯವರೆಗೆ ಒಂದು ಎಚ್ಚರಿಕೆ. ಸಿಸಿ ಬಾಕಿ ಲಿಮಿಟ್ ಅಥವಾ ಡಿಪಿ ಮೀರಿ 90 ದಿನ ಸತತವಾಗಿ ನಿಂತರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಆ ಹಣೆಪಟ್ಟಿ ಬಿದ್ದರೆ ಕಂಪನಿಗಷ್ಟೇ ಅಲ್ಲ, ಜಾಮೀನು ಹಾಕಿದ ನಿಮ್ಮ ಮೂವರ ಹೆಸರಿಗೂ ತೊಂದರೆ. ಡಿಪಿ ಜಾಸ್ತಿ ತೋರಿಸಲು ಸ್ಟಾಕ್ ಸ್ಟೇಟ್‌ಮೆಂಟ್ ಉಬ್ಬಿಸುವ ಸಲಹೆ ಯಾರಾದರೂ ಕೊಟ್ಟರೆ ಖಂಡಿತ ಕೇಳಬೇಡಿ. ಬ್ಯಾಂಕಿಗೆ ಸುಳ್ಳು ಲೆಕ್ಕ ಕೊಡುವುದು ವಂಚನೆ ಆಗುತ್ತದೆ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿ ಬಿದ್ದದ್ದು ನೆನಪಿರಬಹುದು. ಪುಸ್ತಕದಲ್ಲಿ 5,361 ಕೋಟಿ ನಗದು ಅಂತ ಇತ್ತು, ಅದರಲ್ಲಿ 5,040 ಕೋಟಿ ಇರಲೇ ಇಲ್ಲ ಅಂತ ಅದರ ಅಧ್ಯಕ್ಷರೇ ಪತ್ರ ಬರೆದರು. ಅಷ್ಟು ದೊಡ್ಡ ಕಂಪನಿಗೂ ನಿಮ್ಮ ಶಾಪಿಗೂ ಒಂದೇ ಶಿಸ್ತು: ಟ್ಯಾಲಿಯ ಬ್ಯಾಂಕ್ ಬಾಕಿ ಮತ್ತು ಬ್ಯಾಂಕಿನವರ ಸ್ಟೇಟ್‌ಮೆಂಟ್ ಪ್ರತಿ ವಾರ ತಾಳೆ ಆಗಬೇಕು. ಆ ಕೆಲಸವನ್ನು ಚೆಕ್ ಬರೆಯುವವರು ಮಾಡಬಾರದು, ಬೇರೆಯವರು ಮಾಡಬೇಕು.

ಮಷಿನ್‌ಗೆ ಹಾಕಿದ 8 ಲಕ್ಷ ಎಲ್ಲಿಂದ ಬಂತು? ಸಿಸಿಯಿಂದಲೇ. ಇದು ತುಂಬಾ ಕಡೆ ಆಗುವ ಕೆಲಸ. ಏಳೆಂಟು ವರ್ಷ ದುಡಿಯುವ ಮಷಿನ್‌ಗೆ ಅದರಷ್ಟೇ ಉದ್ದದ ದುಡ್ಡು ಬೇಕು: ಟರ್ಮ್ ಲೋನ್, ಇಲ್ಲಾ ಹಿಂದಿನ ವರ್ಷಗಳಲ್ಲಿ ಕೂಡಿಟ್ಟ ಲಾಭ, ಇಲ್ಲಾ ನಿಮ್ಮದೇ ಹೊಸ ಬಂಡವಾಳ. ಸಿಸಿ ಇರುವುದು ಮಾಲಿಗೆ, ಬಾಕಿಗೆ. ಅದು ಒಳಗೆ ಬಂದು ಹೊರಗೆ ಹೋಗುತ್ತಾ ಇರಬೇಕು. ಮಷಿನ್‌ಗೆ ಹಾಕಿದರೆ ಅದು ಅಲ್ಲೇ ಹೂತುಹೋಗುತ್ತದೆ. ಸಾಲದ ಅಸಲು 11 ಲಕ್ಷದ ವಿಷಯವೂ ಹಾಗೇ: ಬಡ್ಡಿ ಮಾತ್ರ ಖರ್ಚಿನಲ್ಲಿ ಕಾಣುತ್ತದೆ, ಅಸಲು ಕಾಣುವುದಿಲ್ಲ. ಆದ್ದರಿಂದ ಹೊಸ ಮಷಿನ್ ತರುವ ಮುಂಚೆ ‘ಇದರ ಕಂತು ಕಟ್ಟಲು ತಿಂಗಳಿಗೆ ಎಷ್ಟು ಗಂಟೆ ಓಡಬೇಕು’ ಅಂತ ಬರೆದು ನೋಡಿ.

ಡೈರೆಕ್ಟರ್ ಹೆಸರಿನ 5 ಲಕ್ಷ ಮನೆಯ ವಿಷಯ, ಸೂಕ್ಷ್ಮ ಅಂತ ಗೊತ್ತು. ಆದರೂ ಹೇಳಲೇಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಯ ದುಡ್ಡು ಕಾನೂನಿನ ಪ್ರಕಾರ ನಿಮ್ಮ ದುಡ್ಡಲ್ಲ. 10 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಮತ ಇರುವ ಷೇರುದಾರರಿಗೆ ಇಂಥ ಕಂಪನಿ ಸಾಲ ಕೊಟ್ಟರೆ, ಕೂಡಿಟ್ಟ ಲಾಭದ ಮಟ್ಟಿಗೆ ಆದಾಯ ತೆರಿಗೆಯವರು ಅದನ್ನು ಡಿವಿಡೆಂಡ್ ಅಂತ ಹಿಡಿದು ತೆರಿಗೆ ಹಾಕಬಹುದು. 2013ರ ಕಂಪನಿ ಕಾಯ್ದೆಯ 185ನೇ ಸೆಕ್ಷನ್ನಿನಲ್ಲೂ ಡೈರೆಕ್ಟರಿಗೆ ಸಾಲ ಕೊಡಲು ಬಿಗಿ ಷರತ್ತುಗಳಿವೆ. ಆಡಿಟರ್ ಜೊತೆ ಮಾತಾಡಿ ಇದನ್ನು ಬೇಗ ಸರಿಪಡಿಸಿಕೊಳ್ಳಿ. ಮನೆಗೆ ಬೇಕಾದದ್ದನ್ನು ಸಂಬಳವಾಗಿ ನಿಗದಿ ಮಾಡಿ, ಟಿಡಿಎಸ್ ಕಟ್ಟಿ, ತೆಗೆದುಕೊಳ್ಳಿ. ನಿಮಗೂ ಸಂಬಳ ಇರಲಿ! ನೀವು ಮಾಡುತ್ತಿರುವ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ಕೊಡಲೇಬೇಕಾಗುತ್ತಿತ್ತು. ಆ ಸಂಬಳವನ್ನು ಖರ್ಚಿಗೆ ಸೇರಿಸದಿದ್ದರೆ ಲಾಭ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಜಿಎಸ್‌ಟಿ ವಿಷಯಕ್ಕೆ ಬಂದರೆ, ಇದು ಸಣ್ಣ ಕಂಪನಿಗಳ ಕುತ್ತಿಗೆ ಹಿಡಿಯುವ ಜಾಗ. ತಿಂಗಳಿಗೆ 30 ಲಕ್ಷದ ಬಿಲ್ಲಿಗೆ 18 ಪರ್ಸೆಂಟ್ ಅಂದರೆ 5.4 ಲಕ್ಷ. ಮಾಲಿನ ಮೇಲೆ ಕಟ್ಟಿದ್ದು 2.7 ಲಕ್ಷ ಕಳೆದರೆ ಉಳಿದ 2.7 ಲಕ್ಷವನ್ನು ಮುಂದಿನ ತಿಂಗಳು 20ಕ್ಕೆ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ಮೊದಲ ಎರಡು ತಿಂಗಳದ್ದು 25ಕ್ಕೆ, ಮೂರನೆಯದು ರಿಟರ್ನ್ ಜೊತೆ 22ಕ್ಕೆ. ಗಿರಾಕಿ ಕೊಡುವುದು 76ನೇ ದಿನ. ಅಂದರೆ ಅವರ ತೆರಿಗೆಯನ್ನು ನೀವು ನಿಮ್ಮ ಸಾಲದಿಂದ ಮುಂಚಿತವಾಗಿ ಕಟ್ಟುತ್ತಿದ್ದೀರಿ. ಆ ಬಿಲ್ ಮುಳುಗಿಹೋದರೂ ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ. ತಡವಾದರೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಟಿಡಿಎಸ್ 7ಕ್ಕೆ, ಪಿಎಫ್ ಮತ್ತು ಇಎಸ್‌ಐ 15ಕ್ಕೆ. ಕೆಲಸದವರ ಸಂಬಳದಿಂದ ಹಿಡಿದ ಪಿಎಫ್ ಒಂದು ದಿನ ತಡವಾದರೂ ಆಗಿನ ತೆರಿಗೆ ಕಾಯ್ದೆಯ ಪ್ರಕಾರ ಆ ಖರ್ಚು ಸಿಗುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಅವರ ದುಡ್ಡು, ಅದಕ್ಕೆ ಕೈ ಹಾಕಲೇಬೇಡಿ.

ಇದಕ್ಕೊಂದು ಹಳೆಯ ಉಪಾಯ ನಮ್ಮ ನಾಡಿನದೇ ಇದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪಿಗ್ಮಿ. ಅಂಗಡಿಯವರು ದಿನದ ಗಲ್ಲಾದಿಂದ ಸ್ವಲ್ಪ ಸ್ವಲ್ಪ ತೆಗೆದಿಟ್ಟ ಹಾಗೆ, ಗಿರಾಕಿಯಿಂದ ದುಡ್ಡು ಬಂದ ದಿನವೇ ಅದರ ಒಂದು ಪಾಲನ್ನು ತೆರಿಗೆಗೆ ಅಂತ ಬೇರೆ ಖಾತೆಗೆ ಹಾಕಿ. ನಿಮ್ಮ ಬ್ಯಾಂಕಿನ ಒಪ್ಪಿಗೆ ಪಡೆದು ಅಲ್ಲೇ ಒಂದು ಖಾತೆ ತೆರೆಯಿರಿ. ಸಿಸಿಗೆ ಬಡ್ಡಿ ಕಟ್ಟುತ್ತಾ ಬೇರೆ ಕಡೆ ದುಡ್ಡು ಇಡುವುದು ನಷ್ಟ ಅಲ್ವಾ ಅಂತ ಆಡಿಟರ್ ಕೇಳಬಹುದು. 2.7 ಲಕ್ಷ 20 ದಿನ ಕೂತರೆ ಬಡ್ಡಿ ಸುಮಾರು 1,500 ರೂಪಾಯಿ. 20ನೇ ತಾರೀಕಿನ ಪರದಾಟ ತಪ್ಪಲು ಆ ಬೆಲೆ ಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ.

ಈಗ ಪ್ರತಿ ಸೋಮವಾರ ಮಾಡಬೇಕಾದ ಒಂದು ಕೆಲಸ. ಎಕ್ಸೆಲ್‌ನಲ್ಲಿ ಮುಂದಿನ 13 ವಾರಕ್ಕೆ 13 ಕಾಲಂ ಹಾಕಿ. ಮೇಲೆ ಸಿಸಿಯಲ್ಲಿ ಉಳಿದಿರುವ ಮೊತ್ತ, ಕೆಳಗೆ ಬರುವುದು, ಅದರ ಕೆಳಗೆ ಹೋಗುವುದು. ಬರುವುದನ್ನು ಬಿಲ್ಲಿನ ಗಡುವಿನ ಪ್ರಕಾರ ಬರೆಯಬೇಡಿ, ಆ ಗಿರಾಕಿ ನಿಜವಾಗಿ ಯಾವಾಗ ಕೊಡುತ್ತಾರೋ ಆ ವಾರದಲ್ಲಿ ಬರೆಯಿರಿ. ಒಂದು ವಾರ ಹೀಗಿದೆ ಅಂದುಕೊಳ್ಳಿ: ಸಿಸಿಯಲ್ಲಿ ಉಳಿದಿರುವುದು 1.2 ಲಕ್ಷ, ಬರುವುದು 9.4. ಹೋಗುವುದು ಕಂತು 1.3, ಸಂಬಳ 3.6, ಟಿಡಿಎಸ್ 0.3, ಫೌಂಡ್ರಿಗೆ 5.5, ಒಟ್ಟು 10.7. ಹತ್ತು ಸಾವಿರ ಕಡಿಮೆ ಬೀಳುತ್ತದೆ. ಅದರಲ್ಲಿ 4 ಲಕ್ಷ ಕೊಡಬೇಕಾದ ಒಬ್ಬ ಗಿರಾಕಿ ಒಂದು ವಾರ ಮುಂದೆ ಹಾಕಿದರೆ 4.1 ಲಕ್ಷ ಕಡಿಮೆ. ಇದು 6ನೇ ತಾರೀಕು ಸಂಜೆ ಗೊತ್ತಾದರೆ ಕೈಸಾಲ ಬಿಟ್ಟು ದಾರಿ ಇಲ್ಲ. ಐದು ವಾರ ಮುಂಚೆ ಗೊತ್ತಾದರೆ ಬೇಕಾದಷ್ಟು ದಾರಿ ಇದೆ. ಆ ಬಿಲ್ಲನ್ನು ಬೆನ್ನು ಹತ್ತಬಹುದು, ಕಾಸ್ಟಿಂಗ್ ಅರ್ಧ ತರಿಸಬಹುದು, ಫೌಂಡ್ರಿಯವರಿಗೆ ಮೊದಲೇ ಫೋನ್ ಮಾಡಿ ವಾರ ಕೇಳಬಹುದು. ಮೊದಲೇ ಹೇಳಿ ತಡ ಮಾಡಿದವರನ್ನು ಮಾರುಕಟ್ಟೆ ನಂಬುತ್ತದೆ. ಮೊದಮೊದಲು ನಿಮ್ಮ ಅಂದಾಜು ತಪ್ಪುತ್ತದೆ, ಚಿಂತೆ ಬೇಡ. ಎರಡು ತಿಂಗಳಲ್ಲಿ ಯಾವ ಗಿರಾಕಿಯ ಮಾತು ಎಷ್ಟು ನಿಜ ಅಂತ ನಿಮಗೇ ತಿಳಿಯುತ್ತದೆ.

ಕೊನೆಗೆ ಕೊಲ್ಹಾಪುರದ ಆರ್ಡರ್. ನಿಮ್ಮ 100 ರೂಪಾಯಿ ಬಿಲ್ಲಿನಲ್ಲಿ ಮಾಲು 50, ಕೆಲಸದ ಜೊತೆ ಏರಿಳಿಯುವ ಕರೆಂಟು, ಟೂಲು, ಪೀಸ್ ರೇಟು, ಸಾಗಣೆ 18. ಉಳಿಯುವುದು 32. ಸಂಬಳ, ಬಾಡಿಗೆ, ಬಡ್ಡಿ, ಸವಕಳಿ ಇಂಥ ಕದಲದ ಖರ್ಚು ತಿಂಗಳಿಗೆ 7.27 ಲಕ್ಷ. ಅದನ್ನು 32 ಪರ್ಸೆಂಟಿನಿಂದ ಭಾಗಿಸಿದರೆ 22.7 ಲಕ್ಷ. ತಿಂಗಳಿಗೆ ಅಷ್ಟೇ ಬಿಲ್ ಆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಕಡಿಮೆ ಆದರೆ ನಷ್ಟ. ಈ ಒಂದು ಅಂಕಿಯನ್ನು ಮನೆಯವರಿಗೂ ಮೈದುನನಿಗೂ ಹೇಳಿಡಿ.

ಹೊಸ ಆರ್ಡರ್ ನಿಮ್ಮ ಈಗಿನ ರೇಟಿನಲ್ಲಿ 10.53 ಲಕ್ಷ ಆಗಬೇಕಿತ್ತು. ಅದಕ್ಕೆ ಮಾಲು 5.26, ಇತರ ಖರ್ಚು 1.90. 10 ಲಕ್ಷದಲ್ಲಿ ಇವನ್ನು ಕಳೆದರೆ 2.84 ಲಕ್ಷ ಉಳಿಯುತ್ತದೆ. ಹೊಸ ವಿಎಂಸಿಯಲ್ಲಿ ಖಾಲಿ ಗಂಟೆಗಳಿದ್ದು ಕದಲದ ಖರ್ಚು ಏರದಿದ್ದರೆ, ವರ್ಷಕ್ಕೆ 34 ಲಕ್ಷ ಹೆಚ್ಚುವರಿ. ಲಾಭ ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಹಾಗಾಗಿ ರೇಟಿಗೆ ಹೆದರಿ ಬೇಡ ಅನ್ನಬೇಡಿ.

ಹೆದರಬೇಕಾದದ್ದು 90 ದಿನಕ್ಕೆ. ಮೊದಲ ತಿಂಗಳ ಬಿಲ್ಲಿನ ದುಡ್ಡು ಬರುವುದು ನಾಲ್ಕನೇ ತಿಂಗಳ ಕೊನೆಗೆ. ಅಷ್ಟರೊಳಗೆ ಫೌಂಡ್ರಿಯ ಕ್ರೆಡಿಟ್ ಕಳೆದೂ ಮಾಲಿಗೆ 15.5 ಲಕ್ಷ, ಇತರ ಖರ್ಚಿಗೆ 7.6, ಜಿಎಸ್‌ಟಿಗೆ ಎರಡೂವರೆ. ಒಟ್ಟು 25 ಲಕ್ಷಕ್ಕಿಂತ ಜಾಸ್ತಿ. ತುಂಬಿದ ಸಿಸಿಯಲ್ಲಿ ಇದಕ್ಕೆ ಜಾಗ ಎಲ್ಲಿದೆ? ಇದೇ ಷರತ್ತಿನಲ್ಲಿ ಒಪ್ಪಿದರೆ ಮೂರನೇ ತಿಂಗಳು ಹಳೇ ಗಿರಾಕಿಗಳ ಮಾಲು ನಿಲ್ಲುತ್ತದೆ.

ಹಾಗಾಗಿ ರೇಟು ಅವರು ಹೇಳಿದಷ್ಟೇ ಇರಲಿ, ಷರತ್ತು ಬದಲಿಸಿ ಅಂತ ಕೇಳಿ. ನನ್ನ ಮೊದಲ ಆಯ್ಕೆ: ಕಾಸ್ಟಿಂಗ್ ಅವರೇ ಕೊಡಲಿ, ನೀವು ಲೇಬರ್ ಬಿಲ್ ಮಾತ್ರ ಹಾಕಿ. ನಿಮಗೆ ಉಳಿಯುವುದು ಅದೇ 2.84 ಲಕ್ಷ, ಆದರೆ ಕೈಯಿಂದ ಹಾಕಬೇಕಾದದ್ದು 25 ಅಲ್ಲ, 10 ಲಕ್ಷ. ಕೊಲ್ಹಾಪುರದ ಸುತ್ತ ಫೌಂಡ್ರಿಗಳಿಗೆ ಕೊರತೆ ಇಲ್ಲ, ಅವರಿಗೂ ಕಷ್ಟವಾಗದು. ಅದಾಗದಿದ್ದರೆ 45 ದಿನ ಕೇಳಿ, ಕಾನೂನು ಹೇಳುವುದೂ ಅದನ್ನೇ. ಮೂರನೆಯದು ಟ್ರೆಡ್ಸ್. ಇದು ಬಿಲ್ಲನ್ನು ಬ್ಯಾಂಕುಗಳಿಗೆ ಮಾರುವ ಆನ್‌ಲೈನ್ ಕಟ್ಟೆ. ಆರ್‌ಬಿಐ ಪರವಾನಗಿ ಇರುವ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಅಂಥವು ಇವೆ. ಗಿರಾಕಿ ಬಿಲ್ ಒಪ್ಪಿಕೊಂಡರೆ ಬ್ಯಾಂಕುಗಳು ಅದಕ್ಕೆ ಬಡ್ಡಿ ದರ ಹೇಳುತ್ತವೆ, ಕೆಲವೇ ದಿನದಲ್ಲಿ ದುಡ್ಡು ನಿಮಗೆ ಬರುತ್ತದೆ. ಬಡ್ಡಿ ನಿಂತಿರುವುದು ಗಿರಾಕಿಯ ಹೆಸರಿನ ಮೇಲೆ, ಆದ್ದರಿಂದ ಕಡಿಮೆ ಇರುತ್ತದೆ. ಅವರು ಆಮೇಲೆ ಕೊಡದಿದ್ದರೆ ಬ್ಯಾಂಕ್ ನಿಮ್ಮನ್ನು ಕೇಳುವ ಹಾಗಿಲ್ಲ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಣಿ ಆಗುವುದು ಕಡ್ಡಾಯ. ನಿಮ್ಮ ಗಿರಾಕಿ ಅಷ್ಟು ದೊಡ್ಡವರಾ ಅಂತ ವಿಚಾರಿಸಿ.

ಈ ಮೂರರಲ್ಲಿ ಒಂದಕ್ಕೆ ಒಪ್ಪಿದರೆ ಧೈರ್ಯವಾಗಿ ತೆಗೆದುಕೊಳ್ಳಿ. ಯಾವುದಕ್ಕೂ ಒಪ್ಪದಿದ್ದರೆ ಈಗ ತಿಂಗಳಿಗೆ 3 ಲಕ್ಷದಷ್ಟು ಮಾತ್ರ ಮಾಡಿಕೊಡುತ್ತೇವೆ ಅನ್ನಿ, ಹಳೇ 14 ಲಕ್ಷ ಕೈಗೆ ಬಂದ ಮೇಲೆ ಏರಿಸಿ. ಏನೇ ಮಾತಾದರೂ ಪೇಮೆಂಟ್ ಷರತ್ತು ಪಿಒ ಮೇಲೆಯೇ ಬರೆದಿರಬೇಕು, ಫೋನಿನಲ್ಲಿ ಹೇಳಿದ್ದು ಸಾಲದು. ಕೊಟೇಶನ್ ಜೊತೆಗೇ ಉದ್ಯಮ್ ಸರ್ಟಿಫಿಕೇಟಿನ ಪ್ರತಿಯನ್ನೂ ಕಳಿಸಿಬಿಡಿ.